ಕತ್ತಲ ಕಮ್ರಾದಿಂದ ಚಲನಚಿತ್ರದವರೆಗೆ



‘ಕ್ಯಾಮೆರಾ’ ಅರಬ್ಬಿ ಪದ, ಕಂಡುಹಿಡಿದವರೂ ನಮ್ಮವರೇ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಸರಿಯಲ್ಲ. ಅದು ಲ್ಯಾಟಿನ್ ಪದ, ಕೋಣೆ ಎಂದರ್ಥ. ಉರ್ದುವಿನ ‘ಕಮ್ರಾ’ ಕೂಡ ಪೋರ್ಚುಗೀಸರ ಮೂಲಕ ಬಂದ ಅದೇ ಪದ.

ಹಾಗಾದರೆ ಹತ್ತನೇ ಶತಮಾನದಲ್ಲಿ ಬಸ್ರಾದಲ್ಲಿ ಹುಟ್ಟಿದ ಇಬ್ನ್ ಅಲ್-ಹೈಸಮ್ ಮಾಡಿದ್ದೇನು? ಅವರ ‘ಕಿತಾಬುಲ್ ಮನಾಜಿರ್’ ಗ್ರಂಥದಲ್ಲಿ ಒಂದು ಪ್ರಯೋಗವಿದೆ. ಕತ್ತಲ ಕೋಣೆಯ ರಂಧ್ರದೆದುರು ಹಲವು ದೀಪಗಳನ್ನಿಟ್ಟರೆ ಒಳಗೋಡೆಯ ಮೇಲೆ ಅಷ್ಟೇ ಬೆಳಕಿನ ಚುಕ್ಕೆಗಳು. ಒಂದು ದೀಪ ಮರೆಮಾಡಿದರೆ ಅದರ ಚುಕ್ಕೆ ಮಾತ್ರ ಮಾಯ. ಅಂದರೆ ಬೆಳಕುಗಳು ರಂಧ್ರದಲ್ಲಿ ಬೆರೆಯದೆ ನೇರ ಗೆರೆಯಲ್ಲೇ ಸಾಗುತ್ತವೆ. ರಂಧ್ರದ ಬಿಂಬವನ್ನು ಚೀನಾ, ಗ್ರೀಸ್‌ಗಳಲ್ಲಿ ಮೊದಲೇ ಕಂಡಿದ್ದರು. ಬೆಳಕನ್ನು ಹೀಗೆ ಪರೀಕ್ಷಿಸಿ ನೋಡಿದ್ದು ಇವರ ಹಿರಿಮೆ. ಅಂಥವರಿಗೆ ಇಲ್ಲದ ಹೆಗ್ಗಳಿಕೆ ಅಂಟಿಸುವುದೇಕೆ?

ಆ ಬಿಂಬ ಗೋಡೆಯ ಮೇಲೆ ಉಳಿಯುತ್ತಿರಲಿಲ್ಲ. 1820ರ ದಶಕದಲ್ಲಿ ಫ್ರಾನ್ಸಿನ ನಿಯೆಪ್ಸ್ ಅದನ್ನು ಫಲಕದ ಮೇಲೆ ನಿಲ್ಲಿಸಿದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಸಾಲು ಕ್ಯಾಮೆರಾಗಳಿಂದ ಓಡುವ ಕುದುರೆಯ ಒಂದೊಂದು ಹೆಜ್ಜೆಯನ್ನೂ ಹಿಡಿದರು. ಲ್ಯುಮಿಯೇರ್ ಸೋದರರು ಸೆಕೆಂಡಿಗೆ ಸುಮಾರು 16 ಚಿತ್ರಗಳನ್ನು ಓಡಿಸಿ, 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಹಣ ಪಡೆದು ತೋರಿಸಿದರು. 1896ರ ಜುಲೈ 7ಕ್ಕೆ ಆ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿದ್ದವು!

ಬಿಸಿಲಿರುವ ದಿನ ನಿಮ್ಮ ಕಮ್ರಾದ ಕಿಟಕಿಯನ್ನು ಕಪ್ಪು ಕಾಗದದಿಂದ ಪೂರ್ತಿ ಮುಚ್ಚಿ, ಕಡಲೆಕಾಳಿನಷ್ಟು ರಂಧ್ರ ಮಾಡಿ, ಎದುರಿಗೆ ಬಿಳಿ ಹಾಳೆ ಹಿಡಿಯಿರಿ. ಕಣ್ಣು ಕತ್ತಲೆಗೆ ಒಗ್ಗಲಿ. ಬೀದಿಯಲ್ಲಿ ಹೋಗುವವರು ಹಾಳೆಯ ಮೇಲೆ ತಲೆಕೆಳಗಾಗಿ ನಡೆಯುತ್ತಾರೆ.