ಚೆಲೋ ವಾದಕಿ ಜಾಕ್ವೆಲಿನ್ ಡು ಪ್ರೇ

ಪಾಶ್ಚಾತ್ಯ ವಾದ್ಯಗಳಲ್ಲಿ ನಮ್ಮ ನಾಡಿಗೆ ಬಂದು ನಮ್ಮದೇ ಆಗಿಹೋದದ್ದು ಪಿಟೀಲು. ಅದರ ಹಿರಿಯ ಸೋದರನಂತಿರುವ ಚೆಲೋ ವಾದ್ಯಕ್ಕೆ ನಮ್ಮ ಕಚೇರಿಗಳಲ್ಲಿ ಅಂತಹ ನೆಲೆ ದೊರೆಯಲಿಲ್ಲ. ಆದಕಾರಣ ಅದರ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡುವುದು ಉಚಿತ. ಆಕಾರದಲ್ಲಿ ಅದು ಪಿಟೀಲಿನಂತೆಯೇ. ಗಾತ್ರದಲ್ಲಿ ಬಹಳ ದೊಡ್ಡದು. ವಾದಕನು ಪೀಠದ ಮೇಲೆ ಕುಳಿತು, ವಾದ್ಯದ ಬುಡದ ಕಂಬಿಯನ್ನು ನೆಲಕ್ಕೆ ಊರಿ, ಅದರ ಒಡಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನನ್ನು ಎಳೆಯುತ್ತಾನೆ. ತಂತಿಗಳು ನಾಲ್ಕೇ; ಶ್ರುತಿ ಮಾತ್ರ ಪಿಟೀಲಿಗಿಂತ ಒಂದು ಸ್ಥಾಯಿಗೂ ಮಿಗಿಲಾಗಿ ಕೆಳಗಿರುತ್ತದೆ. ಮನುಷ್ಯನ ಕಂಠಕ್ಕೆ ಅತಿ ಸಮೀಪವಾದುದು ಈ ವಾದ್ಯದ ನಾದವೆಂದು ಬಲ್ಲವರು ಹೇಳುವುದುಂಟು. ಈ ವಾದ್ಯದಿಂದ ಇಪ್ಪತ್ತು ತುಂಬಿದ ವಯಸ್ಸಿನಲ್ಲಿಯೇ ಲೋಕಪ್ರಸಿದ್ಧಳಾದ ಒಬ್ಬ ತರುಣಿಯ ಸಂಗತಿಯನ್ನು ತಮ್ಮ ಮುಂದೆ ಅರಿಕೆಮಾಡಿಕೊಳ್ಳುತ್ತೇನೆ.

ಜಾಕ್ವೆಲಿನ್ ಡು ಪ್ರೇ ಹುಟ್ಟಿದ್ದು 1945ರ ಜನವರಿ 26ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ. ನಾಲ್ಕು ವರ್ಷದ ಮಗುವಾಗಿದ್ದಾಗ ಅವಳು ಮೊದಲ ಬಾರಿಗೆ ಚೆಲೋ ನಾದವನ್ನು ಕೇಳಿದ್ದು ರೇಡಿಯೋದಲ್ಲಿ. ಬಾನುಲಿಯ ಮುಂದೆ ಕುಳಿತಿರುವ ತಮಗೆ ಈ ಸಂಗತಿ ವಿಶೇಷ ಸಂತೋಷವನ್ನುಂಟುಮಾಡಬಹುದು. ತನಗೂ ಅದೇ ಬೇಕೆಂದು ಮಗು ಹಟ ಹಿಡಿಯಿತು. ತಾಯಿ ಐರಿಸ್ ಪಿಯಾನೋ ಬಲ್ಲವಳು. ಆಕೆ ಮಗಳಿಗೆಂದು ಪುಟ್ಟ ಪುಟ್ಟ ಗತ್ತುಗಳನ್ನು ರಚಿಸಿ, ಅವುಗಳಿಗೆ ಚಿತ್ರಗಳನ್ನೂ ಬರೆದು, ಮಗು ಮಲಗಿರುವಾಗ ಹಾಸಿಗೆಯ ಬಳಿ ಇಟ್ಟುಬರುತ್ತಿದ್ದಳು. ಬೆಳಿಗ್ಗೆ ಎದ್ದೊಡನೆ ಮಗು ಅವನ್ನು ನುಡಿಸಲು ಓಡುತ್ತಿತ್ತು. ಪಾಠವೆಂದರೆ ಶಿಕ್ಷೆಯೆಂದು ಭಾವಿಸುವ ನಮ್ಮ ಮನೆಗಳು ಈ ತಾಯಿಯಿಂದ ಕಲಿಯಬೇಕಾದುದು ಉಂಟು.

ಹತ್ತನೆಯ ವಯಸ್ಸಿನಲ್ಲಿ ಅವಳಿಗೆ ವಿಲಿಯಂ ಪ್ಲೀತ್ ಎಂಬ ಗುರು ದೊರೆತರು. 1956ರಲ್ಲಿ ಸುಜಿಯಾ ಪುರಸ್ಕಾರ ಬಂದಿತು. ಈ ಪುರಸ್ಕಾರದ ಹಿನ್ನೆಲೆ ತಿಳಿಯತಕ್ಕದ್ದು. ಗಿಲ್ಹೆರ್ಮಿನಾ ಸುಜಿಯಾ ಪೋರ್ಚುಗಲ್ ದೇಶದ ಹಿರಿಯ ಚೆಲೋ ವಾದಕಿ; 1950ರಲ್ಲಿ ತೀರಿಕೊಂಡಳು. ತಾನು ನುಡಿಸುತ್ತಿದ್ದ ಅಮೂಲ್ಯವಾದ ಸ್ಟ್ರಾಡಿವೇರಿಯಸ್ ವಾದ್ಯವನ್ನು ಮಾರಿ, ಆ ಹಣದಿಂದ ಎಳೆಯ ವಾದಕರಿಗೆ ನೆರವಾಗಬೇಕೆಂದು ಅವಳು ಮರಣಶಾಸನ ಬರೆದಿದ್ದಳು. ಹೀಗೆ ಒಬ್ಬಳ ವಾದ್ಯ ಮತ್ತೊಬ್ಬಳ ವಿದ್ಯೆಯಾಯಿತು. 1961ರ ಮಾರ್ಚ್ 1ರಂದು, ಹದಿನಾರು ವರ್ಷದ ಜಾಕ್ವೆಲಿನ್ ಲಂಡನ್ನಿನ ವಿಗ್ಮೋರ್ ಹಾಲ್ ರಂಗದ ಮೇಲೆ ಕುಳಿತು ನುಡಿಸಿದಾಗ ಇಂತಹ ಹಲವು ಕೈಗಳು ಅವಳ ಬೆನ್ನಿಗಿದ್ದವು. ಪ್ರತಿಭೆ ದೈವದತ್ತವೆಂಬುದು ನಿಜ. ಆದರೆ ದೈವವು ಗುರುವಿನ ಸಂಬಳವನ್ನು ಕೊಡುವುದಿಲ್ಲ.

ಅವಳ ಹೆಸರಿನೊಡನೆ ಬಿಡದೆ ಸೇರಿಕೊಂಡ ಕೃತಿ ಎಡ್ವರ್ಡ್ ಎಲ್ಗರ್ ರಚಿಸಿದ ಚೆಲೋ ಕನ್ಚರ್ಟೋ. ಒಂದು ವಾದ್ಯವು ದೊಡ್ಡ ಮೇಳದೊಡನೆ ಸಂವಾದ ನಡೆಸುವಂತಹ ರಚನೆಗೆ ಈ ಹೆಸರು. ಮೊದಲ ಮಹಾಯುದ್ಧ ಮುಗಿದ ಬಳಿಕ, ಅರವತ್ತು ದಾಟಿದ ಎಲ್ಗರ್ ಇದನ್ನು ಬರೆದು ಪೂರೈಸಿದನು. 1919ರ ಅಕ್ಟೋಬರ್ 27ರಂದು ಲಂಡನ್ನಿನಲ್ಲಿ ಇದರ ಪ್ರಥಮ ಪ್ರಯೋಗ ನಡೆಯಿತು. ಅಭ್ಯಾಸಕ್ಕೆ ಸಾಕಷ್ಟು ಕಾಲ ಸಿಗದೆ ಅದು ಕೆಟ್ಟಿತು. ಅಂದಿನ ಮೇಳದಲ್ಲಿ ಚೆಲೋ ನುಡಿಸಿದವರ ಪೈಕಿ ಹತ್ತೊಂಬತ್ತರ ಹುಡುಗನೊಬ್ಬನಿದ್ದನು. ಅವನ ಹೆಸರು ಜಾನ್ ಬಾರ್ಬಿರೋಲಿ. ಮುಂದೆ ಮಹಾನ್ ಮೇಳನಾಯಕನಾದ ಅದೇ ಬಾರ್ಬಿರೋಲಿ 1965ರಲ್ಲಿ ಲಂಡನ್ ಸಿಂಫೊನಿ ಮೇಳವನ್ನು ನಡೆಸಿದಾಗ, ಇಪ್ಪತ್ತು ವರ್ಷದ ಜಾಕ್ವೆಲಿನ್ ಆ ಕೃತಿಯನ್ನು ಧ್ವನಿಮುದ್ರಿಕೆಗಾಗಿ ನುಡಿಸಿದಳು. ಮುದುಕನೊಬ್ಬನ ವಿಷಾದವು ಎಳೆಯಳೊಬ್ಬಳ ಕೈಯಲ್ಲಿ ಲೋಕದ ಮನಸ್ಸನ್ನು ಸೂರೆಗೊಂಡಿತು. ಆ ಮುದ್ರಿಕೆಯನ್ನು ಇಂದಿಗೂ ಜನ ಕೇಳುತ್ತಾರೆ.

ಅವಳ ವಾದನದಲ್ಲಿ ಭಾವಾವೇಶ ಮಿತಿಮೀರಿತೆಂದು ಆಕ್ಷೇಪಿಸಿದವರೂ ಇದ್ದರು. ಅದಕ್ಕೆ ಬಾರ್ಬಿರೋಲಿ ಕೊಟ್ಟ ಸಮಾಧಾನ ಸ್ಮರಣೀಯವಾದುದು. ಹರೆಯದಲ್ಲಿ ಎಲ್ಲವೂ ಹೆಚ್ಚಾಗಿಯೇ ಇರಬೇಕು. ಇಲ್ಲವಾದರೆ ವಯಸ್ಸಾದಂತೆ ಕತ್ತರಿಸಿ ಹದಗೊಳಿಸಲು ಉಳಿಯುವುದಾದರೂ ಏನು ಎಂಬುದು ಅವನ ಮಾತಿನ ಸಾರ. ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುವ ವೃತ್ತಿಯ ನನಗೆ ಈ ಮಾತು ಪದೇ ಪದೇ ನೆನಪಿಗೆ ಬರುತ್ತದೆ. ಜಾಕ್ವೆಲಿನ್ ಆದರೂ ಕೀರ್ತಿಗೆ ಮೈಮರೆಯಲಿಲ್ಲ. ಹೆಸರಾದ ಮೇಲೆಯೇ ಪ್ಯಾರಿಸ್ಸಿನಲ್ಲಿ ಪಾಲ್ ಟೋರ್ಟೆಲಿಯೆ, 1966ರಲ್ಲಿ ಮಾಸ್ಕೋ ನಗರದಲ್ಲಿ ರೊಸ್ಟ್ರೊಪೊವಿಚ್, ಇವರ ಬಳಿ ಮತ್ತೆ ಶಿಷ್ಯಳಾಗಿ ಕುಳಿತಳು. 1967ರಲ್ಲಿ ಪಿಯಾನೋ ವಾದಕ ಡೇನಿಯಲ್ ಬಾರೆನ್‌ಬೋಯ್ಮ್ ಅವಳನ್ನು ವಿವಾಹವಾದನು; ಇಬ್ಬರೂ ದೇಶವಿದೇಶಗಳಲ್ಲಿ ಕೂಡಿ ನುಡಿಸಿದರು.

ಆದರೆ ಆ ಹೆಚ್ಚಳವು ಮಾಗಿ ಹದಕ್ಕೆ ಬರಲು ಬೇಕಾದ ಕಾಲವನ್ನು ವಿಧಿ ಅವಳಿಗೆ ಕೊಡಲಿಲ್ಲ. ಬೆರಳುಗಳು ಜೋಮು ಹಿಡಿಯತೊಡಗಿದವು. ಕಮಾನಿನ ಭಾರ ಕೈಗೆ ತಿಳಿಯದಾಯಿತು. 1973ರ ಆರಂಭದಲ್ಲಿ ಅವಳ ಕೊನೆಯ ಕಚೇರಿಗಳು ನಡೆದವು. ಅದೇ ವರ್ಷದ ಅಕ್ಟೋಬರಿನಲ್ಲಿ ವೈದ್ಯರು ರೋಗವನ್ನು ಗುರುತಿಸಿದರು: ಮಿದುಳು ಬೆನ್ನುಹುರಿಗಳ ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್. ಆಗ ಅವಳಿಗೆ ಇಪ್ಪತ್ತೆಂಟು ವರ್ಷ. ನುಡಿಸಲಾರದ ಮೇಲೂ ಅವಳು ಕಲಿಸುವುದನ್ನು ಬಿಡಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತೇ ಶಿಷ್ಯರಿಗೆ ಪಾಠ ಹೇಳಿದಳು. 1987ರ ಅಕ್ಟೋಬರ್ 19ರಂದು, ನಲವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳು ನುಡಿಸಿದ, 1712ರಲ್ಲಿ ನಿರ್ಮಿತವಾದ ದಾವಿದೋವ್ ಎಂಬ ಸ್ಟ್ರಾಡಿವೇರಿಯಸ್ ಚೆಲೋ ಮುಂದೆ ಯೋ ಯೋ ಮಾ ಎಂಬ ವಾದಕನ ಕೈಯಲ್ಲಿ ಹಾಡಿತು.

ವಿಗ್ಮೋರ್ ಹಾಲಿನಿಂದ ಕೊನೆಯ ಕಚೇರಿಯವರೆಗೆ ಎಣಿಸಿದರೆ ಸುಮಾರು ಹನ್ನೆರಡು ವರ್ಷ. ತಾಯಿಯೂ ಗುರುವೂ ಸುಜಿಯಾಳ ದಾನವೂ ಸಕಾಲದಲ್ಲಿ ಒದಗದೆ, ಇನ್ನೂ ಚಿಕ್ಕವಳು, ಆಮೇಲೆ ನೋಡೋಣ ಎಂದು ಹಿರಿಯರು ತಡಮಾಡಿದ್ದರೆ, ಈ ಹನ್ನೆರಡು ವರ್ಷಗಳಲ್ಲಿ ಎಷ್ಟು ಉಳಿಯುತ್ತಿತ್ತು? ನಮ್ಮ ಊರುಗಳಲ್ಲಿಯೂ ವೀಣೆಯನ್ನೋ ಪಿಟೀಲನ್ನೋ ಹಿಡಿದು ಕುಳಿತಿರುವ ಮಕ್ಕಳುಂಟು. ಅವರಿಗೆ ಸಲ್ಲಬೇಕಾದ ನೆರವು ಅವರು ದೊಡ್ಡವರಾದ ಮೇಲೆ ಹೊದಿಸುವ ಶಾಲಿಗಿಂತ ಮೊದಲೇ ಸಲ್ಲಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.