ಪೂರ್ಣವೆಂಬುದರ ಎಲ್ಲೆ

ಹೊಳಲ್ಕೆರೆ, ಹೊರಕೆರೆದೇವಪುರ: ಹೆಸರಿನಲ್ಲಿಯೇ ಕೆರೆಯನ್ನು ಇರಿಸಿಕೊಂಡ ಊರುಗಳು ಇವು. ಮಳೆ ಕಡಮೆಯಾದ ಚಿತ್ರದುರ್ಗದ ಸೀಮೆಯಲ್ಲಿ ‘ತುಂಬಿತು’ ಎಂಬ ಮಾತಿಗೆ ಇರುವ ತೂಕ, ನೀರು ಹೇರಳವಾಗಿರುವ ನಾಡಿನವರಿಗೆ ಬೇಗ ತಿಳಿಯದು. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಹಿರಿಯೂರಿನ ವಾಣೀವಿಲಾಸ ಸಾಗರ 1933ರಲ್ಲಿ ಕೋಡಿ ಹರಿಯಿತು. ಮತ್ತೆ ಹರಿದದ್ದು 89 ವರ್ಷಗಳ ಅನಂತರ, 2022ರಲ್ಲಿ. ಅಂಥ ಕೋಡಿಯನ್ನು ಕಂಡವರಿಗೆ ಪೂರ್ಣತೆಯೆಂಬುದು ಬರಿಯ ತತ್ತ್ವದ ಮಾತಲ್ಲ. ಆ ಅರಿವಿನಿಂದಲೇ ದೂರದ ದರ್ಶನವೊಂದನ್ನು ಈ ಹೊತ್ತು ನೋಡಬಹುದು.

ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ, ಈಜಿಪ್ಟಿನಿಂದ ರೋಮಿನವರೆಗೆ, ಗ್ನಾಸ್ಟಿಕರೆಂದು ನಾವು ಕರೆಯುವ ಸಾಧಕರ ಹಲವು ಪಂಗಡಗಳಿದ್ದವು. ಅವರ ‘ಗ್ನೋಸಿಸ್’ ಮತ್ತು ನಮ್ಮ ‘ಜ್ಞಾನ’ ಒಂದೇ ಬೇರಿನ ಶಬ್ದಗಳು. ಬಹುಕಾಲ ಇವರ ವಿಚಾರ ತಿಳಿಯುತ್ತಿದ್ದುದು ಹೆಚ್ಚಾಗಿ ವಿರೋಧಿಗಳ ಬರಹಗಳಿಂದ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಮಣ್ಣಿನ ಗುಡಾಣವೊಂದರಲ್ಲಿ ಕಾಪ್ಟಿಕ್ ಭಾಷೆಯ ಹಸ್ತಪ್ರತಿಗಳು ದೊರೆತ ಮೇಲೆ, ಅವರ ಮಾತನ್ನು ಅವರ ಬಾಯಿಂದಲೇ ಕೇಳುವುದು ಸಾಧ್ಯವಾಯಿತು.

ಆ ಮಾತಿನ ನಡುವೆ ನಿಂತಿರುವ ಶಬ್ದ ‘ಪ್ಲಿರೋಮ’, ಎಂದರೆ ತುಂಬು, ಪೂರ್ಣತೆ. ಎರಡನೆಯ ಶತಮಾನದ ವ್ಯಾಲೆಂಟೈನಸನ ಅನುಯಾಯಿಗಳು ಅದನ್ನು ಕಥೆಯಾಗಿ ಹೇಳಿದರು. ಮೊದಲು ಅಗಾಧವೊಂದಿತ್ತು, ಅದರ ಜೊತೆಗೆ ಮೌನವಿತ್ತು. ಅವುಗಳಿಂದ ಜೋಡಿ ಜೋಡಿಯಾಗಿ ದಿವ್ಯಶಕ್ತಿಗಳು ಹೊಮ್ಮಿದವು, ಒಟ್ಟು ಮೂವತ್ತು. ಅವೆಲ್ಲ ಕೂಡಿದ್ದೇ ಪೂರ್ಣ. ಕೊನೆಯವಳಾದ ಸೋಫಿಯಾ, ಎಂದರೆ ಪ್ರಜ್ಞೆ, ಮೂಲವನ್ನು ಒಂಟಿಯಾಗಿ ಅಳೆಯಲು ಹೊರಟಳು. ಎಲ್ಲೆಯೆಂಬ ಶಕ್ತಿ ಅವಳನ್ನು ತಡೆದು ಉಳಿಸಿತು. ಆದರೆ ಅವಳ ತಳಮಳ ಮಾತ್ರ ಹೊರಕ್ಕೆ ಬಿದ್ದಿತು. ಆ ತಳಮಳದಿಂದ ಜಡವೂ ಈ ಲೋಕವೂ ಉಂಟಾದವು. ಮನುಷ್ಯನ ಒಳಗಿನ ಕಿಡಿ ತನ್ನ ಮೂಲವನ್ನು ಅರಿತು ಪೂರ್ಣಕ್ಕೆ ಮರಳುವುದೇ ಬಿಡುಗಡೆ.

ಪೂರ್ಣಕ್ಕೂ ಎಲ್ಲೆಯೇ ಎಂದು ಕೇಳಬಹುದು. ಏರಿಯಿಲ್ಲದೆ ಕೆರೆ ತುಂಬುವುದುಂಟೆ? ಕಥೆಯ ಈ ಭಾಗ ನಮ್ಮ ಸೀಮೆಯವರಿಗೆ ಸಹಜವಾಗಿಯೇ ತೋರುತ್ತದೆ. ಆದರೆ ದೈವಕ್ಕೆ ಏರಿ ಕಟ್ಟಿದೊಡನೆ ತೊಡಕು ಹುಟ್ಟುತ್ತದೆ. ಸುಮಾರು 180ರಲ್ಲಿ ಲಿಯೋನಿನ ಬಿಷಪ್ ಐರೇನಿಯಸ್ ಇದನ್ನೇ ಹಿಡಿದು ಖಂಡಿಸಿದ: ಪೂರ್ಣದ ಹೊರಗೆ ಏನಾದರೂ ಇದೆಯೆಂದಾದರೆ, ಅಷ್ಟರ ಮಟ್ಟಿಗೆ ಅದು ಅಪೂರ್ಣವಾಗಲಿಲ್ಲವೆ? ಒಳಗು ಹೊರಗು ಎಂಬುದು ಸ್ಥಳದ ಮಾತಲ್ಲ, ಅರಿವು ಮರೆವುಗಳ ಮಾತು ಎಂದು ಆ ಪಂಥದವರಲ್ಲಿ ಕೆಲವರ ಸಮಾಧಾನ. ಅರಿವು ಮೂಡಿದಾಗ ಕೊರತೆ ಕತ್ತಲೆಯಂತೆ ಕರಗುತ್ತದೆ. ಅದು ಇನ್ನೊಂದು ಲೋಕವಾಗಿ ಎಲ್ಲೋ ಉಳಿಯುವುದಿಲ್ಲ.

ಇಲ್ಲಿ ನಮ್ಮ ‘ಶೂನ್ಯ’ ನೆನಪಾಗುವುದು ಅನಿವಾರ್ಯ. ಚಿತ್ರದುರ್ಗದ ಮುರುಘಾಮಠ ತನ್ನ ಪರಂಪರೆಯನ್ನು ಅಲ್ಲಮಪ್ರಭುವಿನ ಶೂನ್ಯಪೀಠದೊಡನೆ ಜೋಡಿಸಿಕೊಳ್ಳುತ್ತದೆ. ಶರಣರ ಶೂನ್ಯ ಇಲ್ಲದಿರುವಿಕೆಯಲ್ಲ. ಹೆಸರು ರೂಪಗಳ ಅಳತೆಗೆ ಸಿಕ್ಕದ ನಿಲವು ಅದು. ಗ್ನಾಸ್ಟಿಕರು ‘ತುಂಬು’ ಎಂದುದನ್ನು ಇವರು ‘ಬಯಲು’ ಎಂದರು. ಶಬ್ದಗಳು ಎದುರುಬದುರಾದವು, ನೋಟ ಒಂದೇ ದಿಕ್ಕಿಗಿದೆ. ಒಂದರಿಂದ ಇನ್ನೊಂದು ಬಂದಿತೆಂದು ನಾನು ಹೇಳುತ್ತಿಲ್ಲ. ಮಾತಿಗೆ ಮೀರಿದುದನ್ನು ಮಾತಿನಲ್ಲಿ ಹಿಡಿಯಹೊರಟವರ ಕಷ್ಟ ಎಲ್ಲೆಡೆಯೂ ಒಂದೇ ಬಗೆಯದು.

ಭೇದವಿರುವುದು ಲೋಕವನ್ನು ಕುರಿತ ಮಾತಿನಲ್ಲಿ. ಗ್ನಾಸ್ಟಿಕರ ಕಥೆಯಲ್ಲಿ ಲೋಕವೊಂದು ಪ್ರಮಾದ. ಮಣ್ಣು, ಮೈ, ದುಡಿಮೆ ಎಲ್ಲವೂ ತಪ್ಪಿಬಿದ್ದವು. ಶೂನ್ಯಸಂಪಾದನೆಯಲ್ಲಿ ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗ ಬರುತ್ತದೆ. ಆತ ಕೆರೆ ಕಟ್ಟಿಸಿದವನು, ಗುಡಿ ಎತ್ತಿಸಿದವನು. ಅಲ್ಲಮ ಬಂದು ಅವನನ್ನು ಕೆಣಕುತ್ತಾನೆ. ಕೆಣಕಿದ್ದು ಕೆರೆಯನ್ನಲ್ಲ, ಕಟ್ಟಿಸಿದೆನೆಂಬ ಭಾವವನ್ನು ಎಂದು ತಿಳಿಯುವುದು ಉಚಿತ. ‘ನಾನು’ ಕರಗಿದ ಮೇಲೂ ಕೆರೆ ಉಳಿಯುತ್ತದೆ, ಕಾಯಕ ಉಳಿಯುತ್ತದೆ. ನಾಡಿನ ನೆನಪಿನಲ್ಲಿ ಸಿದ್ಧರಾಮ ಇಂದಿಗೂ ಶಿವಯೋಗಿ, ಇಂದಿಗೂ ಕೆರೆಯ ಕರ್ತೃ.

ಲೋಕ ದೈವದ ಹೊರಗೆ ಬಿದ್ದ ಕೊರತೆಯೆಂದು ಬಗೆದರೆ, ಬರದ ವರ್ಷದಲ್ಲಿ ಒಣಗಿದ ನೆಲಕ್ಕೆ ನಾವು ಏನನ್ನೂ ತೀರಿಸಬೇಕಾಗಿಲ್ಲ, ತಪ್ಪಿಸಿಕೊಂಡರೆ ಸಾಕು. ಅದೂ ಪೂರ್ಣದ ಒಳಗಿನದೇ ಎಂದು ಬಗೆದರೆ ಹೂಳೆತ್ತುವುದೂ ಅರಿವಿನ ಕೆಲಸವಾಗುತ್ತದೆ. ಆದರೂ ಗ್ನಾಸ್ಟಿಕರನ್ನು ಸುಲಭವಾಗಿ ತಳ್ಳಿಹಾಕಲಾಗದು. ಲೋಕದಲ್ಲಿ ಏನೋ ಮುರಿದಿದೆಯೆಂಬ ಅವರ ನೋವು ನಿಜವಾದುದು; ಎಲ್ಲವೂ ಪೂರ್ಣವೆಂದು ಜಪಿಸಿ ಹಸಿದವನನ್ನು ದಾಟಿ ಹೋಗುವವರಿಗಿಂತ ಆ ನೋವುಂಡವರು ಮೇಲು. ತುಂಬಿದ ಕೆರೆ ನೀರನ್ನು ತನ್ನಲ್ಲಿಯೇ ಇಟ್ಟುಕೊಳ್ಳುವುದಿಲ್ಲ; ಹೆಚ್ಚಿದ್ದನ್ನು ಕೆಳಗಿನ ಕೆರೆಗೆ ಕಳುಹಿಸುತ್ತದೆ. ದೈವದ ಪೂರ್ಣತೆಯನ್ನು ಅಳೆಯುವ ಗೋಜಿಗೆ ಹೋಗದೆ, ಅದು ಎಲ್ಲಿ ಕೋಡಿ ಹರಿಯುತ್ತಿದೆಯೆಂದು ನೋಡುವುದೇ ನಮಗೆ ಸಲ್ಲುವ ಜ್ಞಾನವೆಂದು ತೋರುತ್ತದೆ.