ಪಾನವೂ ಚರ್ಮವೂ



ಮಂಗಳೂರಿನ ದೇರೆಬೈಲಿನಲ್ಲಿ ಒಂದು ಮದುವೆಯೌತಣ. ವಧೂವರರ ಆಯುರಾರೋಗ್ಯಕ್ಕೆಂದು ದ್ರಾಕ್ಷಾರಸದ ಬಟ್ಟಲುಗಳನ್ನು ಎತ್ತಿದುದಾಯಿತು. ನಮ್ಮ ಬಳಿ ಕುಳಿತಿದ್ದ ಗೃಹಸ್ಥರೊಬ್ಬರು ಎರಡು ಗುಟುಕು ಕುಡಿದಿದ್ದರೋ ಇಲ್ಲವೋ, ಮುಖ ಕಾದ ಹೆಂಚಿನಂತಾಯಿತು. ಕುತ್ತಿಗೆಯಲ್ಲಿ ನವೆ, ಎದೆಯಲ್ಲಿ ಡವಡವ. ಪಿತ್ತವೆಂದರು ಒಬ್ಬರು, ದೃಷ್ಟಿಯೆಂದರು ಮತ್ತೊಬ್ಬರು. ಆಮಶಂಕೆಗಾಗಿ ತಾವು ಮೆಟ್ರೊನಿಡಜೋಲ್ ಗುಳಿಗೆಯನ್ನು ಸೇವಿಸುತ್ತಿದ್ದುದನ್ನು ಅವರು ಹೇಳಿದುದು ಬಹಳ ಹೊತ್ತಿನ ಮೇಲೆ.

ಕಳ್ಳು ಹುಳಿತು ವಿನೆಗರ್ ಆಗುವುದನ್ನು ಕರಾವಳಿಯ ಅಡುಗೆಮನೆಗಳು ಬಲ್ಲವು. ನಮ್ಮ ಯಕೃತ್ತಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಮದ್ಯಸಾರವು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಬಳಿಕ ಅಸಿಟಿಕ್ ಆಮ್ಲವಾಗಿ, ಎಂದರೆ ಬರಿಯ ಹುಳಿಯಾಗಿ, ಮಾರ್ಪಡುತ್ತದೆ. ಎರಡನೆಯ ಕೆಲಸದ ಕಿಣ್ವವು ಕುಂಠಿತವಾದರೆ ನಡುವಣ ವಿಷವು ರಕ್ತದಲ್ಲಿ ನಿಲ್ಲುವುದು. ಚರ್ಮದ ರಕ್ತನಾಳಗಳು ಅಗಲವಾಗಿ ಮುಖ ಕೆಂಪೇರುವುದು. ಚೀನ, ಜಪಾನು, ಕೊರಿಯಗಳ ಜನರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಈ ಕೊರತೆ ಹುಟ್ಟಿನಿಂದಲೇ ಬಂದುದು. ಅಂಥವರು ಕುಡಿಯುತ್ತ ಹೋದರೆ ಅನ್ನನಾಳದ ಕ್ಯಾನ್ಸರಿನ ಭಯ ಹೆಚ್ಚು. ನಮ್ಮಲ್ಲಿ ಆ ಕೊರತೆ ವಿರಳ. ಆದುದರಿಂದ ಇಲ್ಲಿ ಹೊಸದಾಗಿ ಮುಖ ಕಾವೇರಿದರೆ, ಸೇವಿಸುತ್ತಿರುವ ಔಷಧ ಯಾವುದೆಂದು ಮೊದಲು ಕೇಳಬೇಕು. ಮೆಟ್ರೊನಿಡಜೋಲ್ ಸೇವಿಸುವವರಿಗೆ ಮದ್ಯ ವರ್ಜ್ಯವೆಂದು ವೈದ್ಯರು ಎಚ್ಚರಿಸುವುದು ಇದಕ್ಕಾಗಿಯೇ. ಹುಳಿತ ಪಾನೀಯಗಳಲ್ಲಿರುವ ಹಿಸ್ಟಮಿನ್ ಎಂಬ ವಸ್ತುವೂ ಕೆಲವರಲ್ಲಿ ಇಂಥ ತೊಂದರೆಯನ್ನು ಉಂಟುಮಾಡುವುದುಂಟು. ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ತೋರದು. ಬಿಸಿಯೂ ನವೆಯೂ ಮಾತ್ರ ಗುರುತು.

ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೋಬ್ಸೆನ್ ಎಂಬ ಸಂಶೋಧಕರು, ಹೊಟ್ಟೆಹುಳುವಿಗೆ ಮದ್ದಾದೀತೆಂದು ಡೈಸಲ್ಫಿರಾಮ್ ಎಂಬ ವಸ್ತುವನ್ನು ತಾವೇ ನುಂಗಿ ನೋಡಿದರು. ಅನಂತರ ಮದ್ಯ ಸೋಕಿದೊಡನೆ ಮೈ ಕಾವೇರಿತು. 1948ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಕುಡಿತ ಬಿಡಿಸಲು ಆ ಗುಳಿಗೆ ಬಳಕೆಗೆ ಬಂದಿತು. ಕುಡಿಯುವಾತನಿಗೆ ತಿಳಿಯದಂತೆ ಅದನ್ನು ಸಾರಿನಲ್ಲಿ ಬೆರೆಸುವ ಮನೆಯವರುಂಟು. ಅವರ ಸಂಕಟ ನಮಗೆ ಅರ್ಥವಾಗದುದಲ್ಲ. ಆದರೆ ಅರಿಯದೆ ಕುಡಿದಾಗ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಗುಳಿಗೆಯನ್ನು ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವವಿರುವುದು. ಆತನ ಒಪ್ಪಿಗೆ, ವೈದ್ಯರ ಮೇಲ್ವಿಚಾರಣೆ, ಇವೆರಡೂ ಇಲ್ಲದೆ ಕೊಟ್ಟ ಮದ್ದು ಮದ್ದಲ್ಲ.

ಔತಣದ ಗೃಹಸ್ಥರು ಸಂಜೆಯ ಹೊತ್ತಿಗೆ ಚೇತರಿಸಿಕೊಂಡರು. ವೈದ್ಯರು ಗುಳಿಗೆಯನ್ನು ಕೊಡುವಾಗ "ಕುಡಿಯುವುದುಂಟೇ?" ಎಂದು ಕೇಳಿದ್ದರಂತೆ; ಹೆಂಡತಿ ಪಕ್ಕದಲ್ಲಿದ್ದುದರಿಂದ ಇಲ್ಲವೆಂದಿದ್ದರಂತೆ. ಕುಡಿತವನ್ನು ನಾವು ಹೊಗಳುವವರಲ್ಲ. ಆದರೂ ವೈದ್ಯರ ಮುಂದೆ ನಿಜ ನುಡಿಯಲು ಅಂಜುವಷ್ಟು ನಾಚಿಕೆಯನ್ನು ಮನೆಯಲ್ಲಿ ಬೆಳೆಸಬಾರದು. ಚರ್ಮವು ನಾಲಗೆ ಮರೆಸಿದುದನ್ನು ಆಡಿಬಿಡುತ್ತದೆ. ಅದಕ್ಕೆ ಮುಂಚೆ ನಾಲಗೆಯೇ ಆಡಿದರೆ ಕ್ಷೇಮ.